ಮರ್ಫಿಯ ಕಥೆ ಸಿನಿಮಾದಲ್ಲಿ ಯಾಕಿಲ್ಲ?

1930ರ ದಶಕದ ಅಮೆರಿಕದ ದರೋಡೆಕೋರ ಜೋಡಿ ಬಾನಿ, ಕ್ಲೈಡ್ ಇಬ್ಬರೂ ಬಡವರ ಪರ ಇದ್ದರು ಅಂತ ಲೇಖನದಲ್ಲಿ ಬರೆದಿದ್ದೀರಿ. ಅದು ಅವರ ಬಗ್ಗೆ ಬಂದ 1967ರ ‘ಬಾನಿ ಅಂಡ್ ಕ್ಲೈಡ್’ ಸಿನಿಮಾ ನೋಡಿ ಬಂದ ಮಾತು ಅಲ್ವಾ? ಈ ಜೋಡಿಯ ಕಾಲದಲ್ಲಿ ಅಮೆರಿಕದಲ್ಲಿ ಸಾವಿರಾರು ಬ್ಯಾಂಕ್ ಮುಳುಗಿ ಜನರ ಉಳಿತಾಯ ಹೋಗಿತ್ತು, ಸಾಲ ಕಟ್ಟಲಾಗದ ರೈತರ ಜಮೀನು ಹರಾಜಾಗುತ್ತಿತ್ತು, ಹಾಗಾಗಿ ಬ್ಯಾಂಕ್ ದೋಚಿದವನು ಹೀರೋ ಥರ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಈ ಜೋಡಿ ಜಾಸ್ತಿ ದೋಚಿದ್ದು ಸಣ್ಣ ಊರಿನ ಅಂಗಡಿ, ಪೆಟ್ರೋಲ್ ಬಂಕ್‌ಗಳನ್ನು. ಅವುಗಳ ಮಾಲೀಕರೇನು ಕುಬೇರರಾ?

1934ರ ಏಪ್ರಿಲ್ 1, ಈಸ್ಟರ್ ಭಾನುವಾರ. ಟೆಕ್ಸಾಸ್‌ನ ಗ್ರೇಪ್‌ವೈನ್ ಹತ್ತಿರ ನಿಂತಿದ್ದ ಕಾರು ನೋಡಿ ಇಬ್ಬರು ಹೆದ್ದಾರಿ ಪೊಲೀಸರು ಬೈಕ್ ನಿಲ್ಲಿಸಿದರು. ಕಾರಿನಲ್ಲಿ ಬಂದಿದ್ದ ಕ್ಲೈಡ್ ಗ್ಯಾಂಗ್ ಆ ಇಬ್ಬರನ್ನೂ ಗುಂಡಿಟ್ಟು ಕೊಂದಿತು. ಅವರಲ್ಲಿ ಮರ್ಫಿ ಅನ್ನುವ ಹುಡುಗನಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿ ಮದುವೆಯ ಉಡುಪಿನಲ್ಲೇ ಅಂತ್ಯಕ್ರಿಯೆಗೆ ಬಂದಳು. ಸಿನಿಮಾದಲ್ಲಿ ಇದಿಲ್ಲ. ಬದಲಿಗೆ ತಮ್ಮ ಬೆನ್ನು ಹತ್ತಿದ್ದ ಪೊಲೀಸ್ ಅಧಿಕಾರಿ ಫ್ರ್ಯಾಂಕ್ ಹೇಮರ್‌ನನ್ನು ಬಾನಿ, ಕ್ಲೈಡ್ ಹಿಡಿದು ಗೇಲಿ ಮಾಡುವ ಸೀನ್ ಇದೆ, ಸುಮ್ನೆ ಹುಟ್ಟಿಸಿದ್ದು. ಹೇಮರ್ ಹೆಂಡತಿ ಕೋರ್ಟಿಗೆ ಹೋದ ಮೇಲೆ ರಾಜಿಯಾಯಿತು.

ಸಿನಿಮಾದಲ್ಲಿ ಬಾನಿ ಪಾತ್ರ ಮಾಡಿದ ಫೇ ಡನವೇ ಟೋಪಿ ಸ್ಟೈಲಾಗಿದೆ, ಒಪ್ಪುತ್ತೇನೆ. ಅಸಲಿ ಬಾನಿ 1933ರ ಕಾರ್ ಅಪಘಾತದಲ್ಲಿ ಕಾಲು ಸುಟ್ಟುಕೊಂಡು ಕುಂಟುತ್ತಿದ್ದಳು, ಎಷ್ಟೋ ಸಲ ಕ್ಲೈಡೇ ಎತ್ತಿಕೊಂಡು ಹೋಗಬೇಕಿತ್ತು. ಅದನ್ನು ಪೋಸ್ಟರ್ ಮೇಲೆ ಹಾಕಿದ್ದರೆ ಟಿಕೆಟ್ ಹೋಗುತ್ತಿತ್ತಾ?