ತಾಮ್ರದ ತಂಬಿಗೆ ಮತ್ತು ತಪ್ಪಿದ ಮುಟ್ಟು

"ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯಿರಿ, ತಪ್ಪಿದ ಮುಟ್ಟು ತಾನೇ ಸರಿಹೋಗುತ್ತದೆ." ಧಾರವಾಡದ ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೂ ಇದು ಬಂತು.

ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ತಂಬಿಗೆಯ ನೀರಿನಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಅದು ಮುಟ್ಟಿಗೆ ಔಷಧವಲ್ಲ. ಕೆಲವರಿಗಂತೂ ತಾಮ್ರವೇ ಕಾಟ.

ವಿಲ್ಸನ್ ಕಾಯಿಲೆ ಅಂತ ಒಂದಿದೆ. 1912ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರೇ ಇದಕ್ಕೆ. ನಾವು ತಿಂದ ತಾಮ್ರದಲ್ಲಿ ಹೆಚ್ಚಾದದ್ದನ್ನು ಲಿವರ್ ಪಿತ್ತದ ಜೊತೆ ಹೊರಹಾಕುತ್ತದೆ. ಎಟಿಪಿ7ಬಿ ಎಂಬ ಜೀನ್ ಕೆಟ್ಟರೆ ಆ ದಾರಿಯೇ ಬಂದ್. ತಾಮ್ರ ಲಿವರ್, ಮಿದುಳಿನಲ್ಲಿ ಕೂಡುತ್ತದೆ. ಕೆಲವರ ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಕಂದು ಉಂಗುರವೂ ಕಾಣುತ್ತದೆ. ಲಿವರ್ ಸೋತರೆ ಹಾರ್ಮೋನುಗಳ ಲೆಕ್ಕವೂ ತಪ್ಪುತ್ತದೆ: ಮುಟ್ಟು ಏರುಪೇರಾಗುತ್ತದೆ, ನಿಂತೇ ಹೋಗಬಹುದು, ಮತ್ತೆ ಮತ್ತೆ ಗರ್ಭಪಾತ ಆಗಬಹುದು.

ಹಾಗಂತ ಮುಟ್ಟು ತಪ್ಪಿದವರೆಲ್ಲ ಹೆದರಬೇಕಿಲ್ಲ. ಇದು ಅಪರೂಪದ ಕಾಯಿಲೆ. ಮುಟ್ಟು ತಪ್ಪುವುದಕ್ಕೆ ಥೈರಾಯ್ಡ್ ತೊಂದರೆ, ಪಿಸಿಓಡಿ ಎಂಬ ಅಂಡಾಶಯದ ಹಾರ್ಮೋನ್ ತೊಂದರೆಯೇ ಜಾಸ್ತಿ ಕಾರಣ. ಆದರೆ ಜೊತೆಗೆ ಕಾಮಾಲೆ, ಕೈನಡುಕ, ತೊದಲು ಮಾತು ಇದ್ದರೆ ಸುಮ್ನೆ ಕೂರಬೇಡಿ. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ ಎಷ್ಟಿದೆ ಎಂದು ನೋಡುತ್ತಾರೆ.

ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ. ನಮ್ಮ ಕಡೆ ಅಕ್ಕನ ಮಗಳನ್ನೇ ತಂದುಕೊಳ್ಳುವ ರೂಢಿ ಇದೆ ಅಲ್ವಾ, ಅಂಥಲ್ಲಿ ಸಾಧ್ಯತೆ ಹೆಚ್ಚು. ಒಬ್ಬರಿಗೆ ಬಂದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು.

ಪೆನಿಸಿಲಮೈನ್, ಜಿಂಕ್‌ನಂಥ ಮಾತ್ರೆ ಜೀವನಪೂರ್ತಿ ಬೇಕು. ಚಿಕಿತ್ಸೆ ಪಡೆದ ಎಷ್ಟೋ ಹೆಣ್ಣುಮಕ್ಕಳಿಗೆ ಮುಟ್ಟು ಮರಳಿದೆ, ಮಕ್ಕಳೂ ಆಗಿದ್ದಾರೆ. ಬಸುರಿಯಾದಾಗ ಡೋಸ್ ಬದಲಾಗಬಹುದು, ಆದರೆ ತಾವಾಗಿಯೇ ಮಾತ್ರೆ ಬಿಡುವಂತಿಲ್ಲ. ತಂಬಿಗೆಯ ನೀರು ಮಾತ್ರ ಅವರಿಗೆ ಬೇಡ.