ಬ್ಲೋವರ್ ಓಡಿದ ಮಾತ್ರಕ್ಕೆ ಸಾರಜನಕ ಹೋಗದು: ಸ್ಪಷ್ಟನೆ

ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಣ ಘಟಕ) ಬ್ಯಾಕ್ಟೀರಿಯಾ ಪುಡಿ ಸುರಿದು ಹಗಲಿರುಳು ಬ್ಲೋವರ್ (ಗಾಳಿ ಊದುವ ಯಂತ್ರ) ಓಡಿಸಿದರೆ ಕೊಳಚೆ ನೀರಿನ ಸಾರಜನಕವೆಲ್ಲ ಹೋಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಅರ್ಧವಷ್ಟೇ ನಿಜ. ಗಾಳಿ ಕೊಡುವ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಸಾರಜನಕ ನೀರಲ್ಲೇ ಉಳಿಯುತ್ತದೆ. ಅದು ಅನಿಲವಾಗಿ ಹೊರಹೋಗಲು ಅನಾಕ್ಸಿಕ್ ತೊಟ್ಟಿ ಬೇಕು: ಕರಗಿದ ಆಮ್ಲಜನಕ ಲೀಟರಿಗೆ 0.5 ಮಿ.ಗ್ರಾಂಗಿಂತ ಕಡಿಮೆ, ಜೊತೆಗೆ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಇಂಗಾಲ. ಅದಕ್ಕೇ ಈ ತೊಟ್ಟಿಯನ್ನು ಗಾಳಿ ತೊಟ್ಟಿಗಿಂತ ಮುಂದಿಟ್ಟು, ಇಂಗಾಲವಿರುವ ಹಸಿ ಕೊಳಚೆಯನ್ನು ಮೊದಲು ಅಲ್ಲಿಗೆ ಬಿಡುತ್ತಾರೆ, ಗಾಳಿ ತೊಟ್ಟಿಯ ನೈಟ್ರೇಟ್ ನೀರನ್ನು ಒಳಹರಿವಿನ 2ರಿಂದ 4 ಪಟ್ಟು ಅಲ್ಲಿಗೇ ಹಿಂದಕ್ಕೆ ಪಂಪ್ ಮಾಡುತ್ತಾರೆ. ಗಾಳಿ ಅತಿಯಾದರೆ ಮರುಹರಿವಿನೊಂದಿಗೆ ಆಮ್ಲಜನಕವೂ ಬಂದು ಕೆಲಸ ಕೆಡುತ್ತದೆ.

ಪುಡಿಯಂತೂ ಹೆಚ್ಚಿನ ಕಡೆ ದಂಡ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 7.1 ಗ್ರಾಂ ಕ್ಷಾರತೆ, ಅಂದರೆ ನೀರು ಹುಳಿಯಾಗದಂತೆ ತಡೆಯುವ ಅಂಶ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ), ಖರ್ಚಾಗುತ್ತದೆ. ಅದು ತೀರಿ ಪಿಎಚ್ 6.5ಕ್ಕಿಂತ ಇಳಿದರೆ, ಅಥವಾ ಕೆಸರನ್ನು ಬೇಗಬೇಗ ಹೊರಹಾಕಿದರೆ, ಅಮೋನಿಯಾವನ್ನು ನೈಟ್ರೇಟ್ ಮಾಡುವ, ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಎಷ್ಟು ಪುಡಿ ಸುರಿದರೂ ತೊಟ್ಟಿಯಲ್ಲಿ ನೆಲೆಯೂರುವುದಿಲ್ಲ.