ಬೆರಳು ಬೆಚ್ಚಗಿದ್ದರೆ ಪಟ ಹಾರುತ್ತೆ

ಮನಸ್ಸು ಬರೋದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಜನವರಿಯ ಶನಿವಾರ ಬೆಳಿಗ್ಗೆ, ಹೊರಗೆ ಮೈನಸ್ 15 ಇರುವಾಗ ಕಂಬಳಿ ಒದ್ದು ಎದ್ದು, "ಆಹಾ, ಕೆರೆ ಮೇಲೆ ಪಟ ಹಾರಿಸೋಣ" ಅನ್ನುವ ಉತ್ಸಾಹ ನನಗೆ ಯಾವತ್ತೂ ಉಕ್ಕಿ ಬಂದಿಲ್ಲ. ಅಮೆರಿಕದ ಈ ಮಿನೆಸೋಟಾದಲ್ಲೇ ಹುಟ್ಟಿ ಬೆಳೆದವರಿಗೂ ಬರೋದಿಲ್ಲವಂತೆ, ಕೇಳಿ ನೋಡಿದ್ದೇನೆ. ಆದರೂ ಹೋಗುತ್ತೇವೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮ ಕನ್ನಡದ ಹುಡುಗರು, "ಅಷ್ಟು ಛಲ ಎಲ್ಲಿಂದ ಬರುತ್ತೆ ಸಾರ್?" ಅಂತ ಕೇಳುತ್ತಾರೆ. ಮೈಸೂರಿನಿಂದ ಅಮ್ಮ ಕೇಳೋದೇ ಬೇರೆ: "ಅಲ್ವೋ, ಮೂಗು ಉದುರಿಹೋದ್ರೆ ಏನೋ ಗತಿ?"

ನನ್ನ ಕೇಳಿದರೆ ಅಮ್ಮನ ಪ್ರಶ್ನೆಯೇ ಸರಿಯಾದದ್ದು. ಛಲದ ಬಗ್ಗೆ ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಮೂಗು, ಕಿವಿ, ಬೆರಳಿನ ಬಗ್ಗೆ ಕೇಳುವವರಿಗೆ ಎಷ್ಟು ಬೇಕಾದರೂ ಹೇಳಬಲ್ಲೆ.

ನಾವು ಹಾರಿಸೋದು ಪವರ್ ಕೈಟ್. ಅದನ್ನು ನೋಡಿಲ್ಲದವರಿಗೆ ಎರಡು ಮಾತು. ಇದು ನಾವು ಆಷಾಢದ ಗಾಳಿಗೆ ಕಡ್ಡಿ ಕಟ್ಟಿ, ಅನ್ನದ ಅಗುಳಲ್ಲಿ ಕಾಗದ ಅಂಟಿಸಿ, ಬಾಲಂಗೋಚಿ ಬಿಟ್ಟು ಹಾರಿಸಿದ ಪಟವಲ್ಲ. ಇದರಲ್ಲಿ ಕಡ್ಡಿಯೇ ಇಲ್ಲ, ಬರೀ ನೈಲಾನ್ ಬಟ್ಟೆ. ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳು. ಗಾಳಿ ಅದರೊಳಗೆ ನುಗ್ಗಿ ಇಡೀ ಬಟ್ಟೆ ಉಬ್ಬಿ ಗಟ್ಟಿ ರೆಕ್ಕೆಯಾಗುತ್ತದೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಎಂಬಾತ ಕಂಡುಹಿಡಿದ ಉಪಾಯ ಇದು. ಇವತ್ತಿನ ಪ್ಯಾರಾಗ್ಲೈಡರ್ ಕೂಡ ಅದೇ ವಂಶದ್ದು. ನಾಲ್ಕು ಲೈನು, ಎರಡು ಹ್ಯಾಂಡಲ್. ಮೇಲಿನ ಎರಡು ಲೈನು ಎಳೆತ ಹೊರುತ್ತವೆ, ಕೆಳಗಿನ ಎರಡು ಬ್ರೇಕ್. ಒಳ್ಳೆ ಗಾಳಿ ಇದ್ದರೆ ಮೂರು ಚದರ ಮೀಟರಿನ ಪಟವೇ ದೊಡ್ಡ ಮನುಷ್ಯನನ್ನು ದರದರ ಎಳೆದುಕೊಂಡು ಹೋಗುತ್ತದೆ. ಕಾಲಿಗೆ ಸ್ಕೀ ಕಟ್ಟಿಕೊಂಡರೆ ಅದೇ ಸ್ನೋಕೈಟಿಂಗ್.

ಅದಕ್ಕೆ ಹೆಪ್ಪುಗಟ್ಟಿದ ಕೆರೆಗಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಮರ ಇಲ್ಲ, ಕರೆಂಟ್ ಕಂಬ ಇಲ್ಲ, ಗಾಳಿಯನ್ನು ಒಡೆಯುವ ಕಟ್ಟಡ ಇಲ್ಲ. ಗಾಳಿ ಒಂದೇ ಸಮನೆ ಬೀಸುತ್ತದೆ. ಮಿಲ್ ಲ್ಯಾಕ್ಸ್ ಅನ್ನುವ ಕೆರೆ ಸುಮಾರು 530 ಚದರ ಕಿಲೋಮೀಟರ್ ಇದೆ. ಚಳಿಗಾಲದಲ್ಲಿ ಅಷ್ಟೂ ಬಯಲು. ದಡದ ಹತ್ತಿರ ಮೀನು ಹಿಡಿಯುವವರ ಪುಟ್ಟ ಮನೆಗಳಿರುತ್ತವೆ, ಅವರಿಂದ ದೂರ ಹೋದರೆ ಆಯಿತು.

ಇನ್ನೊಂದು ಲಾಭವೂ ಇದೆ. ತಣ್ಣನೆಯ ಗಾಳಿ ತೂಕದ ಗಾಳಿ. 30 ಡಿಗ್ರಿ ಸೆಕೆಯ ಗಾಳಿಗಿಂತ ಮೈನಸ್ 20ರ ಗಾಳಿ ಸುಮಾರು ಶೇ. 20ರಷ್ಟು ದಟ್ಟ. ವೇಗ ಅಷ್ಟೇ ಇದ್ದರೂ ಪಟದ ಎಳೆತ ಅಷ್ಟು ಜಾಸ್ತಿ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ತೆಳುಗಾಳಿಗೆ ಹೋಲಿಸಿದರೆ ವ್ಯತ್ಯಾಸ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಹುಲ್ಲಿನ ಮೈದಾನದಲ್ಲಿ ಐದು ಚದರ ಮೀಟರಿನ ಪಟ ಹಾರಿಸಿ ಅಭ್ಯಾಸ ಇದ್ದವರು ಇಲ್ಲಿ ಒಂದು ಸೈಜು ಚಿಕ್ಕದನ್ನೇ ತೆಗೆಯಬೇಕು. ಚಿಕ್ಕ ಪಟ ಅಂದರೆ ಬಿಚ್ಚೋದು, ಮಡಿಸೋದು, ಒಣಗಿಸೋದು ಎಲ್ಲ ಸುಲಭ. ಚಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಬೆರಳಿಗೆ ಬರೋಣ. ಉತ್ಸಾಹ ಸಾಯೋದು ಅಲ್ಲೇ.

ಪಟದ ಎರಡೂ ತುದಿಗಳಲ್ಲಿ ದಾರದ ಚಿಕ್ಕ ತುಂಡುಗಳಿರುತ್ತವೆ, ತುದಿಗೊಂದು ಗಂಟು ಹಾಕಿರುತ್ತಾರೆ. ಲೈನಿನ ಕುಣಿಕೆಯನ್ನು ಆ ಗಂಟಿನ ಹಿಂದೆ ಸಿಕ್ಕಿಸಿ ಬಿಗಿಯಬೇಕು. ಇಂಥವು ನಾಲ್ಕು. ಲೈನು ಡೈನೀಮಾ ಅನ್ನುವ ಗಟ್ಟಿ ನಾರಿನದು, ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೇ. ದಪ್ಪ ಗ್ಲೌಸ್ ಹಾಕಿಕೊಂಡು ಇದನ್ನು ಮಾಡಲು ಆಗೋದಿಲ್ಲ. "ಒಂದೇ ನಿಮಿಷ ತಾನೇ" ಅಂತ ಗ್ಲೌಸ್ ಬಿಚ್ಚುತ್ತೀರಿ. ಮೊದಲ ಗಂಟು ಆರಾಮಾಗಿ ಆಗುತ್ತದೆ. ಎರಡನೆಯದಕ್ಕೆ ತುದಿಬೆರಳು ಚುರುಗುಟ್ಟುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕುಣಿಕೆ ಬೆರಳಲ್ಲಿದೆಯೋ ಬಿದ್ದುಹೋಯಿತೋ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕು, ಮುಟ್ಟಿದ್ದು ಗೊತ್ತಾಗೋದಿಲ್ಲ. ನಾಲ್ಕನೆಯದಕ್ಕೆ ಹಿಂದಿನ ಸಲದ ಹಿಮ ಗಂಟಿನಲ್ಲಿ ಕೂತು ಕಲ್ಲಾಗಿರುತ್ತದೆ. ಬಾಯಲ್ಲಿ ಕಚ್ಚಿ ಕರಗಿಸೋಣ ಅನಿಸುತ್ತದೆ. ಕರಗುತ್ತೆ ನಿಜ, ಆದರೆ ಎಂಜಲೂ ಸೇರಿ ಇನ್ನೊಂದು ನಿಮಿಷಕ್ಕೆ ಮತ್ತೆ ಗಟ್ಟಿಯಾಗುತ್ತೆ. ಅಷ್ಟೊತ್ತಿಗೆ ತಲೆಯಲ್ಲಿ ಫಿಲ್ಟರ್ ಕಾಫಿಯ ಪರಿಮಳ ಏಳುತ್ತದೆ. ಪಟ ಇನ್ನೂ ಬ್ಯಾಗಿನಿಂದ ಪೂರ್ತಿ ಹೊರಗೇ ಬಂದಿಲ್ಲ!

ಹೀಗೆ ವಾಪಸ್ ಹೋದವರು ಮನೆಗೆ ಬಂದು "ಈ ಚಳೀಲಿ ನನಗೆ ಮೋಟಿವೇಶನ್ನೇ ಇಲ್ಲ ಕಣ್ರೀ" ಅನ್ನುತ್ತಾರೆ. ಮೋಟಿವೇಶನ್ ಚೆನ್ನಾಗೇ ಇತ್ತು. ಇಲ್ಲದಿದ್ದರೆ ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಕೆರೆ ತನಕ ಬರುತ್ತಿದ್ದರಾ? ಬರಿಗೈಯಲ್ಲಿ ಮಾಡುವ ಕೆಲಸವನ್ನು ಕೆರೆ ಮೇಲಕ್ಕೆ ಉಳಿಸಿಕೊಂಡದ್ದೇ ತೊಂದರೆ.

ನಾನು ಆ ಕೆಲಸವನ್ನೆಲ್ಲ ಶುಕ್ರವಾರ ರಾತ್ರಿ ಹಾಲ್‌ನಲ್ಲೇ ಮುಗಿಸುತ್ತೇನೆ. ಸೋಫಾ ಸರಿಸಿ, ಲೈನುಗಳನ್ನು ಈ ಗೋಡೆಯಿಂದ ಆ ಗೋಡೆಗೆ ಮಡಚಿ ಮಡಚಿ ಎಳೆದು, ಸಿಕ್ಕು ಬಿಡಿಸಿ, ಪಟಕ್ಕೆ ಸಿಕ್ಕಿಸಿ, ಹ್ಯಾಂಡಲ್‌ಗೆ ಎಂಟರ ಆಕಾರದಲ್ಲಿ ಸುತ್ತಿಡುತ್ತೇನೆ. "ಮನೇಲಿ ಮಗ್ಗ ಹಾಕಿದ್ದೀರಾ?" ಅಂತ ನನ್ನ ಹೆಂಡತಿ ಕೇಳುತ್ತಾಳೆ. ಸೀಸನ್ ಮುಗಿಯುವ ತನಕ ಲೈನು ಬಿಚ್ಚೋದೇ ಇಲ್ಲ. ಬ್ರೇಕ್ ಲೈನಿನ ಕುಣಿಕೆಗಳಿಗೆ ಕೆಂಪು ಉಲ್ಲನ್ ದಾರ ಕಟ್ಟಿದ್ದೇನೆ, ಗಾಗಲ್ ಮಂಜಾದರೂ ಯಾವುದು ಯಾವುದು ಅಂತ ಗೊತ್ತಾಗಲಿ ಅಂತ. ಬ್ಯಾಗಿನಲ್ಲಿ ಹ್ಯಾಂಡಲ್ ಮೇಲೆ, ಪಟ ಕೆಳಗೆ. ಕೆರೆ ಮೇಲೆ ಹೋದಾಗ ಪಟ ಹರಡಿ, ಹಿಂದಿನ ಅಂಚಿನ ಮೇಲೆ ಕಾಲಲ್ಲೇ ಹಿಮ ತಳ್ಳಿ, ಲೈನು ಬಿಚ್ಚುತ್ತಾ ನಡೆದರೆ ಆಯಿತು. ಮಂಜುಗಡ್ಡೆಗೆ ಗೂಟ ಹೊಡೆಯುವ ಗೋಜೂ ಬೇಡ. ಮಿಟನ್ ಬಿಚ್ಚುವ ಪ್ರಸಂಗವೇ ಬರೋದಿಲ್ಲ.

ಹೌದು, ಮಿಟನ್. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಕೈಗವಸು. ಐದು ಬೆರಳು ಬೇರೆ ಬೇರೆ ಇರುವ ಗ್ಲೌಸ್ ನೋಡಲು ಚೆಂದ, ಚಳಿಗೆ ದಂಡ. ಒಳಗೆ ತೆಳ್ಳನೆ ಗ್ಲೌಸ್, ಮೇಲೆ ಒಂದು ಸೈಜು ದೊಡ್ಡ ಮಿಟನ್. ಅಂಗಡಿಯಲ್ಲಿ ಸಿಗುವ ಕೈ ಬೆಚ್ಚಗಿಡುವ ಪೊಟ್ಟಣಗಳ ಬಗ್ಗೆ "ಕೆಲಸ ಮಾಡಲ್ಲ" ಅಂತ ಬೈಯುವವರು ಬಹಳ. ಅದರಲ್ಲಿರೋದು ಕಬ್ಬಿಣದ ಪುಡಿ. ಗಾಳಿ ತಾಗಿ ತುಕ್ಕು ಹಿಡಿಯುತ್ತಾ ಬಿಸಿ ಕೊಡುತ್ತದೆ. ಬಿಗಿ ಗ್ಲೌಸಿನೊಳಗೆ ತುರುಕಿದರೆ ಅದಕ್ಕೆ ಉಸಿರಾಡಲು ಗಾಳಿ ಎಲ್ಲಿ? ಮನೆ ಬಿಡುವಾಗಲೇ ಕವರ್ ಹರಿದು ಕಾರಿನಲ್ಲಿ ಇಟ್ಟುಕೊಳ್ಳಿ. ಕೆರೆ ಸೇರುವ ಹೊತ್ತಿಗೆ ಕಾದಿರುತ್ತದೆ.

ಪಟ ಹಾರಿಸುವಾಗ ಇನ್ನೊಂದು ತಾಪತ್ರಯ. ಕೈ ಮೇಲಕ್ಕೆತ್ತಿ, ಹ್ಯಾಂಡಲ್ ಬಿಗಿಹಿಡಿದು ನಿಂತರೆ ಬೆರಳಿನ ರಕ್ತವೆಲ್ಲ ಕೆಳಗಿಳಿಯುತ್ತದೆ. ಲೋಹದ ಹ್ಯಾಂಡಲ್ ಬೇರೆ ಇದ್ದಬದ್ದ ಶಾಖ ಹೀರುತ್ತದೆ. ಹ್ಯಾಂಡಲ್‌ಗೆ ಫೋಮ್ ಸುತ್ತಿ. ಸೊಂಟಕ್ಕೆ ಹಾರ್ನೆಸ್ ಕಟ್ಟಿ ಎಳೆತವನ್ನು ಅದಕ್ಕೆ ಬಿಡಿ, ಕೈಗೆ ತಿರುಗಿಸುವ ಕೆಲಸ ಮಾತ್ರ ಇರಲಿ. ಆದರೂ ಬೆರಳು ಮರಗಟ್ಟಿದರೆ ಪಟ ಇಳಿಸಿ, ತೋಳನ್ನು ಗಿರಗಿರ ತಿರುಗಿಸಿ. ರಕ್ತ ವಾಪಸ್ ಬರುವಾಗ ಉಗುರಿನ ಸಂದಿಯಲ್ಲಿ ಜೀವ ಹೋಗುವಷ್ಟು ನೋವು. ದೊಡ್ಡ ಗಂಡಸರು ಕೆರೆ ನಡುವೆ ನಿಂತು "ಅಯ್ಯಯ್ಯೋ" ಅನ್ನೋದನ್ನು ನೋಡಿದ್ದೇನೆ. ಅನ್ನೋದು ಯಾವ ಭಾಷೆಯಲ್ಲಾದರೂ ರಾಗ ಅದೇ.

ಬಟ್ಟೆ ವಿಷಯ ಬೇಗ ಮುಗಿಸುತ್ತೇನೆ. ಹತ್ತಿ ಬೇಡ, ಉಣ್ಣೆ ಬೇಕು. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಬೆವತು, ಆಮೇಲೆ ಅದೇ ಬೆವರು ಮೈಮೇಲೆ ತಣ್ಣಗಾಗಿ ನಡುಗಿಸುತ್ತದೆ. ಗಾಗಲ್ ಇಲ್ಲದೆ ಹೋಗಲೇಬೇಡಿ.

"ಅಂಟಾರ್ಟಿಕಾದಲ್ಲೇ ಪಟ ಕಟ್ಟಿಕೊಂಡು ಹೋದೋರಿದ್ದಾರೆ, ನಿಮ್ಮದೇನು ಮಹಾ" ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಇದ್ದಾರೆ. ನಾರ್ವೆಯ ಬೋರ್ಗೆ ಔಸ್‌ಲ್ಯಾಂಡ್ 1996-97ರಲ್ಲಿ ಒಬ್ಬರೇ 64 ದಿನಗಳಲ್ಲಿ ಅಂಟಾರ್ಟಿಕಾ ದಾಟಿದರು, ಗಾಳಿ ಸಿಕ್ಕಾಗೆಲ್ಲ ಪಟ ಬಿಚ್ಚಿ. 2010ರಲ್ಲಿ ಗ್ರೀನ್‌ಲ್ಯಾಂಡಿನ ಮಂಜಿನ ಮೇಲೆ ಸೆಬಾಸ್ಟಿಯನ್ ಕೋಪ್‌ಲ್ಯಾಂಡ್, ಎರಿಕ್ ಮೆಕ್‌ನೇರ್-ಲ್ಯಾಂಡ್ರಿ 24 ಗಂಟೆಯಲ್ಲಿ 595 ಕಿಲೋಮೀಟರ್ ಹೋದರು. ಅದಕ್ಕೂ ನೂರು ವರ್ಷಕ್ಕಿಂತ ಹಿಂದೆ, 1888ರಲ್ಲಿ, ನಾರ್ವೆಯ ಅನ್ವೇಷಕ ನಾನ್ಸೆನ್ ಅವರ ತಂಡ ಅದೇ ಗ್ರೀನ್‌ಲ್ಯಾಂಡ್ ದಾಟುವಾಗ ಸ್ಲೆಡ್ಜ್ ಗಾಡಿಗಳಿಗೆ ಬಟ್ಟೆಯ ಹಾಯಿ ಕಟ್ಟಿತ್ತು. ಇದನ್ನೆಲ್ಲ ಶೌರ್ಯದ ಕತೆಯಾಗಿ ಹೇಳುತ್ತಾರೆ. ನನಗೆ ಕಾಣೋದು ಬೇರೆ. ಹೊರೆ ಎಳೆದು ಎಳೆದು ಸುಸ್ತಾದವರು, ಎಳೆಯುವ ಕೆಲಸವನ್ನು ಗಾಳಿಗೆ ವಹಿಸಿದರು. ಜಾಣ ಸೋಮಾರಿತನ ಇದು! ಅವರಿಂದ ಕಲಿಯುವುದಿದ್ದರೆ ಅದನ್ನು ಕಲಿಯಬೇಕು. ಗಡ್ಡಕ್ಕೆಲ್ಲ ಮಂಜು ಹಿಡಿಸಿಕೊಂಡು ಫೋಟೋ ಹಾಕುವುದನ್ನಲ್ಲ.

ಚಳಿಯ ಲೆಕ್ಕದಲ್ಲೂ ಜನರಿಗೆ ಒಂದು ತಪ್ಪು ಕಲ್ಪನೆ. ಅತಿ ಚಳಿಯ ದಿನವೇ ಅತಿ ಗಾಳಿ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗಿರೋದಿಲ್ಲ. ಉತ್ತರದಿಂದ ಚಳಿ ನುಗ್ಗುವಾಗ ಗಾಳಿ ಜೋರು. ಅದು ಬಂದು ಠಿಕಾಣಿ ಹೂಡಿದ ಮೇಲೆ ಆಕಾಶ ತಿಳಿಯಾಗಿ, ಗಾಳಿ ಸತ್ತು, ರಾತ್ರಿ ಪಾದರಸ ಪಾತಾಳಕ್ಕೆ ಇಳಿಯುತ್ತದೆ. ಹಾಗಾಗಿ ಮೈನಸ್ 30ರ ಬೆಳಿಗ್ಗೆ ಬಹಳಷ್ಟು ಸಲ ಪಟ ಏಳೋದೇ ಇಲ್ಲ, ತಲೆಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ. ಎರಡೂ ಒಟ್ಟಿಗೆ ಬರುವ ದಿನಗಳೂ ಇವೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಇತ್ತು. ಗಾಳಿ ಸೇರಿ ಮೈಗೆ ತಾಗಿದ್ದು ಮೈನಸ್ 48. ಅಂಚೆಯವರೇ ಮನೆಯಲ್ಲಿ ಕೂತ ದಿನ. ಅಂಥ ದಿನ ಹೊರಗೆ ಹೋಗುವವನಿಗೆ ಛಲ ಇದೆ ಅನ್ನಬೇಕಿಲ್ಲ, ಬುದ್ಧಿ ಇಲ್ಲ ಅನ್ನಬಹುದು.

ಮೈನಸ್ 18ಕ್ಕೆ ಗಂಟೆಗೆ 24 ಕಿಲೋಮೀಟರ್ ಗಾಳಿ ಸೇರಿದರೆ ಮೈನಸ್ 28ರಷ್ಟು ತಾಗುತ್ತದೆ. ಬಿಚ್ಚಿಟ್ಟ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ನಾನು ಗಾಳಿ ಸೇರಿ ಮೈನಸ್ 25 ದಾಟಿದರೆ ಹೋಗೋದಿಲ್ಲ. ಇದು ನನ್ನ ಗೆರೆ, ನಿಮ್ಮದು ಬೇರೆ ಇರಬಹುದು. ಆದರೆ ಗೆರೆಯನ್ನು ಹಿಂದಿನ ರಾತ್ರಿಯೇ ಎಳೆದಿರಬೇಕು. ದಡದಲ್ಲಿ ನಿಂತು ಎಳೆಯಲು ಹೋದರೆ, ಅಷ್ಟು ದೂರ ಬಂದಿದ್ದೀವಲ್ಲ ಅನ್ನುವ ಆಸೆ ಅದನ್ನು ಅಳಿಸುತ್ತದೆ.

ಒಬ್ಬರೇ ಹೋಗಬೇಡಿ ಅನ್ನುವುದಕ್ಕೆ ಕಾರಣ ಧೈರ್ಯಕ್ಕೆ ಜತೆ ಬೇಕು ಅಂತಲ್ಲ. ನಿಮ್ಮ ಕೆನ್ನೆ ನಿಮಗೆ ಕಾಣೋದಿಲ್ಲ, ಅದಕ್ಕೆ. ಕೆನ್ನೆ ಅಥವಾ ಮೂಗಿನ ತುದಿಯಲ್ಲಿ ಬಿಳಿ ಮಚ್ಚೆ ಮೂಡಿದರೆ ಚರ್ಮ ಹೆಪ್ಪುಗಟ್ಟುತ್ತಿದೆ ಅಂತ ಅರ್ಥ. ಎದುರಿಗಿದ್ದವರೇ ಹೇಳಬೇಕು. ಉಜ್ಜಬಾರದು, ಅಂಗೈ ಇಟ್ಟು ಮುಚ್ಚಿಕೊಂಡು ಕಾರಿನ ಕಡೆ ನಡೆಯಬೇಕು. ನನ್ನ ಜೊತೆ ಬರುವವರು ಒಬ್ಬ ನಿವೃತ್ತ ಮೇಷ್ಟ್ರು. ನಮ್ಮಿಬ್ಬರ ನಡುವೆ ಒಂದು ಒಪ್ಪಂದ. ಯಾರು ಮೊದಲು "ಮನೆಗೆ ಹೋಗೋಣ" ಅಂದರೂ ಇನ್ನೊಬ್ಬರು ಯಾಕೆ ಅಂತ ಕೇಳುವ ಹಾಗಿಲ್ಲ. ಕೆಲವು ಸಲ ಪಟ ಬಿಚ್ಚದೆಯೇ ವಾಪಸ್ ಬಂದಿದ್ದೇವೆ. ಆ ಸ್ವಾತಂತ್ರ್ಯ ಇರುವುದರಿಂದಲೇ ಮುಂದಿನ ವಾರ ಮತ್ತೆ ಹೊರಡಲು ಬೇಜಾರಾಗೋದಿಲ್ಲ. ಹೋದರೆ ಎರಡು ಗಂಟೆ ಹಾರಿಸಲೇಬೇಕು ಅಂತ ಹಟ ಹಿಡಿದ ಪರಿಚಯದವರೆಲ್ಲ ಈಗ ಚಳಿಗಾಲದಲ್ಲಿ ಟಿವಿ ಮುಂದೆ ಇದ್ದಾರೆ. ನಮಗೆ ಅರ್ಧ ಗಂಟೆ ಧಾರಾಳ.

ಕೆರೆ ಮೇಲಿನ ಮಂಜುಗಡ್ಡೆಯ ದಪ್ಪದ ಮಾತು ಬಿಡುವ ಹಾಗಿಲ್ಲ. ಹೊಸ, ತಿಳಿಯಾದ ಮಂಜು ಕನಿಷ್ಠ ನಾಲ್ಕು ಇಂಚು ಇಲ್ಲದೆ ಕಾಲಿಡಬೇಡಿ ಅಂತ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಬೆಳ್ಳಗೆ ಕಾಣುವ ಮಂಜಿನ ತಾಕತ್ತು ಅದರ ಅರ್ಧದಷ್ಟೇ. ನಡೆಯುವವರು ಪರೀಕ್ಷಿಸುತ್ತಾ ನಡೆಯುತ್ತಾರೆ. ಪಟದವರಿಗೆ ಆ ಪುರುಸೊತ್ತಿಲ್ಲ. ಹತ್ತು ನಿಮಿಷಕ್ಕೆ ದಡದಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ, ಯಾರೂ ತೂತು ಕೊರೆದು ನೋಡದ ಜಾಗದಲ್ಲಿರುತ್ತೀರಿ. ಅದಕ್ಕೇ ಮೀನು ಹಿಡಿಯುವವರನ್ನು ಮೊದಲು ಮಾತಾಡಿಸಬೇಕು, ಮಂಜು ಒಡೆದು ನೀರಿಗೆ ಬಿದ್ದರೆ ಚುಚ್ಚಿ ಹಿಡಿದು ಮೇಲೇರಲು ಕೊರಳಿಗೆ ಮಂಜಿನ ಮೊಳೆಗಳನ್ನು ನೇತುಹಾಕಿಕೊಳ್ಳಬೇಕು. ಹೊರಡುವಾಗ ಗಾಳಿಗೆ ಎದುರಾಗಿ, ಅಡ್ಡಡ್ಡ ಹಾಯುತ್ತಾ ಹೋಗಿ. ಬೆನ್ನಿಗೆ ಗಾಳಿ ಇಟ್ಟುಕೊಂಡು ಹೋದರೆ ಚಳಿಯೇ ಇಲ್ಲ ಅನಿಸುತ್ತದೆ. ತಿರುಗಿ ಬರುವಾಗ ಮುಖಕ್ಕೆ ರಾಚಿದಾಗ ಗೊತ್ತಾಗುತ್ತದೆ. ಗಾಳಿ ನಿಂತರಂತೂ ನಡಿಗೆಯೇ ಗತಿ.

2023-24ರ ಚಳಿಗಾಲ ಮಿನೆಸೋಟಾದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು. ಕೆರೆಗಳು ಸರಿಯಾಗಿ ಗಟ್ಟಿಯಾಗಲೇ ಇಲ್ಲ. ಪಟ ಕಟ್ಟಿಟ್ಟುಕೊಂಡು ದಡದಲ್ಲಿ ನಿಂತು ಚಳಿ ಬರಲಿ ಅಂತ ಕಾದೆವು. ಚಳಿಗೆ ಬೈಯುವ ಅಭ್ಯಾಸ ನನಗೆ ಆ ವರ್ಷವೇ ಬಿಟ್ಟುಹೋಯಿತು.

ಇಷ್ಟು ಓದಿಯೂ ಬರುತ್ತೇನೆ ಅನ್ನುವವರಿದ್ದರೆ ನನ್ನ ಹತ್ತಿರ ಎರಡೂವರೆ ಚದರ ಮೀಟರಿನ ಹಳೇ ಪಟ ಒಂದಿದೆ, ಕಲಿಯಲು ಕೊಡುತ್ತೇನೆ. ಲೈನು ಆಗಲೇ ಸಿಕ್ಕಿಸಿದೆ. ಥರ್ಮಾಸಿನಲ್ಲಿ ಕಾಫಿ ನನ್ನದು. ಮಿಟನ್ ಮಾತ್ರ ನೀವೇ ತನ್ನಿ, ನನ್ನದನ್ನು ಯಾರಿಗೂ ಕೊಡೋದಿಲ್ಲ.